"ಮಕ್ಕಳ ಕಕ್ಕ ನೋಡೋಕೆ ಎಂಎಸ್ಸಿ ಓದಬೇಕಿತ್ತಾ?"

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮುಗಿಸಿದ್ದಾಳೆ. ಹೊರರಾಜ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಮಕ್ಕಳ ಕರುಳಿನ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವ ಲ್ಯಾಬ್‌ನಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕಿದೆ. ಮನೆಯಲ್ಲಿ ಖುಷಿಗಿಂತ ಗೊಂದಲವೇ ಜಾಸ್ತಿ. ನಮ್ಮ ನಾದಿನಿಯಂತೂ "ಮಕ್ಕಳ ಕಕ್ಕ ನೋಡೋಕೆ ಎಂಎಸ್ಸಿ ಓದಬೇಕಿತ್ತಾ?" ಅಂತ ನಗುತ್ತಾಳೆ. ಅಷ್ಟೊಂದು ಡಾಕ್ಟರುಗಳ ಮಧ್ಯೆ ಇವಳಿಗೇನು ಕೆಲಸ? ಅಲ್ಲಿ ಎಂಥ ಜನ ಇರುತ್ತಾರೆ? ರೋಗ ಅಂಟುವ ಭಯ ಇಲ್ಲವೇ? ಮುಂದೆ ದಾರಿ ಇದೆಯೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ನಿಮ್ಮ ನಾದಿನಿಗೆ ಮೊದಲು ಉತ್ತರ ಕೊಟ್ಟುಬಿಡೋಣ. ಹೌದಮ್ಮಾ, ಓದಬೇಕಿತ್ತು. ನಾನೂ ಅದನ್ನೇ ಓದಿದವಳು. ಇಪ್ಪತ್ತೆಂಟು ವರ್ಷ ಮಕ್ಕಳ ಮಲದ ಡಬ್ಬಿಗಳ ಜೊತೆಯಲ್ಲೇ ಕಳೆದಿದ್ದೇನೆ. ನನ್ನ ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರು "ಹುಡುಗಿ ಏನು ಕೆಲಸ ಮಾಡ್ತಾಳೆ?" ಅಂತ ಕೇಳಿದಾಗ ನಮ್ಮಪ್ಪ "ಬ್ಲಡ್ ಟೆಸ್ಟ್ ಲ್ಯಾಬ್‌ನಲ್ಲಿದ್ದಾಳೆ" ಅಂತ ಸುಳ್ಳು ಹೇಳಿದ್ದರು. ರಕ್ತ ಅಂದರೆ ಮರ್ಯಾದೆ, ಮಲ ಅಂದರೆ ಮೂಗು ಮುಚ್ಚೋದು. ಮದುವೆ ಆದ ಮೇಲೆ ನಿಜ ಗೊತ್ತಾಯಿತು, ಏನೂ ಆಗಲಿಲ್ಲ ಬಿಡಿ.

ಡಾಕ್ಟರುಗಳ ಮಧ್ಯೆ ಇವಳಿಗೇನು ಕೆಲಸ ಅಂತ ಕೇಳಿದ್ದೀರಿ. ಇಂಥ ಲ್ಯಾಬ್‌ನಲ್ಲಿ ಡಾಕ್ಟರುಗಳು ಸಾರಿಗೆ ಒಗ್ಗರಣೆ ಇದ್ದ ಹಾಗೆ. ಇಲ್ಲದಿದ್ದರೆ ನಡೆಯೋದಿಲ್ಲ, ಆದರೆ ಪಾತ್ರೆ ತುಂಬಿರೋದು ಬೇರೆಯವರಿಂದ. ನಾನಿದ್ದ ಕಡೆ ಒಂದು ಹೊತ್ತಿನಲ್ಲಿ ಅರುವತ್ತು ಜನರಿದ್ದೆವು. ಅವರಲ್ಲಿ ಡಾಕ್ಟರುಗಳು ನಾಲ್ಕೇ ಜನ. ಉಳಿದವರು ಯಾರು ಅನ್ನೋದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಗಳು ದಿನಾ ಯಾರ ಜೊತೆ ಇರುತ್ತಾಳೆ ಅನ್ನೋದು ಅದರಿಂದಲೇ ಗೊತ್ತಾಗುತ್ತದೆ.

ಶುರು ಮಾಡಬೇಕಾದ್ದು ಲ್ಯಾಬ್‌ಗೆ ಅಪರೂಪಕ್ಕೆ ಬರುವವರಿಂದ. ಅವರನ್ನು ಫೀಲ್ಡ್ ವರ್ಕರ್ ಅನ್ನುತ್ತಾರೆ. ಹೆಚ್ಚಿನವರು ಹೆಂಗಸರು, ಅದೇ ಊರಿನವರು, ಪಿಯುಸಿ ಅಥವಾ ಡಿಗ್ರಿ ಓದಿರುತ್ತಾರೆ. ಬೆಳಿಗ್ಗೆ ಏಳಕ್ಕೆಲ್ಲ ಹೆಗಲಿಗೆ ಐಸ್ ಪ್ಯಾಕ್ ಇಟ್ಟ ಬ್ಯಾಗ್ ಹಾಕಿಕೊಂಡು ಓಣಿ ಹತ್ತುತ್ತಾರೆ. ಬ್ಯಾಗಿನಲ್ಲಿ ಮುಚ್ಚಳಕ್ಕೇ ಪುಟ್ಟ ಚಮಚ ಅಂಟಿಸಿರುವ ಡಬ್ಬಿಗಳು, ಒಂದು ರಿಜಿಸ್ಟರ್, ಈಗೀಗ ಒಂದು ಟ್ಯಾಬ್.

ಅವರು ಕೇಳುವ ಪ್ರಶ್ನೆಗಳು ನೋಡಿ. "ಮಗು ನಿನ್ನೆ ಎಷ್ಟು ಸಲ ಹೋಯಿತು? ನೀರಾಗಿತ್ತಾ? ಡಬ್ಬಿಗೆ ಹಾಕಿದರೆ ಡಬ್ಬಿಯ ಆಕಾರಕ್ಕೇ ಬರುವಷ್ಟು ತೆಳುವಾಗಿತ್ತಾ?" ಇಪ್ಪತ್ತನಾಲ್ಕು ಗಂಟೆಯಲ್ಲಿ ಮೂರು ಸಲ ಅಥವಾ ಅದಕ್ಕಿಂತ ಜಾಸ್ತಿ ತೆಳ್ಳಗೆ ಹೋದರೆ ಅದು ಭೇದಿ. ಇದು ಪುಸ್ತಕದ ಲೆಕ್ಕ. ಆದರೆ ಎದೆಹಾಲು ಕುಡಿಯುವ ಕೂಸು ಆರೋಗ್ಯವಾಗಿದ್ದರೂ ದಿನಕ್ಕೆ ಆರು ಸಲ ಹೋಗಬಹುದು. ಅಲ್ಲಿ ಪುಸ್ತಕದ ಲೆಕ್ಕ ನಡೆಯೋದಿಲ್ಲ, ತಾಯಿಯ ಮಾತು ನಡೆಯುತ್ತದೆ. "ಯಾವತ್ತಿನ ಹಾಗಿಲ್ಲ ಕಣಮ್ಮ" ಅಂತ ತಾಯಿ ಅಂದರೆ ಅದನ್ನು ಬರೆದುಕೊಳ್ಳಬೇಕು. ಆ ಮಾತು ತಾಯಿಯ ಬಾಯಿಂದ ಬರಬೇಕಾದರೆ ಕೇಳುವವಳು ಪರಿಚಯದವಳಾಗಿರಬೇಕು, ಜಗಲಿಯ ಮೇಲೆ ಎರಡು ನಿಮಿಷ ಕೂತವಳಾಗಿರಬೇಕು. ಪಿಎಚ್‌ಡಿ ಮಾಡಿದವರಿಗೆ ಇದು ಬರೋದಿಲ್ಲ. ನಾನು ಪ್ರಯತ್ನ ಮಾಡಿ ಸೋತಿದ್ದೇನೆ.

ಒಂದು ಘಟನೆ ಹೇಳಲೇಬೇಕು. ನಮ್ಮ ಒಂದು ಅಧ್ಯಯನದಲ್ಲಿ ಎರಡು ವಾರಕ್ಕೊಮ್ಮೆ ಪ್ರತಿ ಮಗುವಿನ ಮಲ ತರಬೇಕಿತ್ತು, ಕಾಯಿಲೆ ಇರಲಿ ಬಿಡಲಿ. ಒಂದು ದಿನ ಒಂದು ಮನೆಯ ಡಬ್ಬಿ ಹಿಡಿದುಕೊಂಡು ನಮ್ಮ ಫೀಲ್ಡ್ ವರ್ಕರ್ ಸೀದಾ ನನ್ನ ಟೇಬಲ್ಲಿಗೇ ಬಂದರು. "ಮೇಡಂ, ಇದು ಆ ಕೂಸಿನದಲ್ಲ." ಹೇಗೆ ಗೊತ್ತಾಯಿತು ಅಂದೆ. ಡಬ್ಬಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂರು ತಿಂಗಳ ಕೂಸಿನ ಡಬ್ಬಿಯಲ್ಲಿ ಸೊಪ್ಪಿನ ಚೂರು! ಪಾಪ, ಆ ತಾಯಿ "ದೂರದಿಂದ ಬಂದಿದ್ದಾಳೆ, ಬರಿಗೈಲಿ ಕಳಿಸೋದು ಹೇಗೆ" ಅಂತ ದೊಡ್ಡ ಮಗನದನ್ನು ತುಂಬಿ ಕೊಟ್ಟಿದ್ದಳು. ಆ ಡಬ್ಬಿ ಮೆಷೀನಿಗೆ ಹೋಗಿದ್ದರೆ ಮೆಷೀನು ಏನೋ ಒಂದು ಉತ್ತರ ಕೊಟ್ಟೇ ಕೊಡುತ್ತಿತ್ತು. ನಾವು ಅದನ್ನು ನಂಬುತ್ತಲೂ ಇದ್ದೆವು.

ಈ ಕೆಲಸದಿಂದ ಏನು ಸಿಗುತ್ತದೆ ಅನ್ನೋದಕ್ಕೆ ನಮ್ಮ ಪಕ್ಕದ ವೆಲ್ಲೂರನ್ನೇ ನೋಡಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೆಲ್‌ಕಮ್ ಟ್ರಸ್ಟ್ ಹೆಸರಿನ ಲ್ಯಾಬ್ ಇದೆ. ಕರುಳಿನ ಸೋಂಕಿನ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಅದನ್ನು ಬಹಳ ಕಾಲ ನಡೆಸಿದವರು ಗಗನ್‌ದೀಪ್ ಕಾಂಗ್. ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಹೆಸರಾಂತ ಸಂಘಕ್ಕೆ 2019ರಲ್ಲಿ ಆಯ್ಕೆಯಾದರು, ಅಲ್ಲಿಗೆ ಆಯ್ಕೆಯಾದ ಮೊದಲ ಭಾರತೀಯ ಮಹಿಳೆ ಅವರು. ಆ ಲ್ಯಾಬ್‌ನವರು ವೆಲ್ಲೂರಿನ ಬಡ ಬಡಾವಣೆಗಳಲ್ಲಿ ಹುಟ್ಟಿದ 373 ಮಕ್ಕಳನ್ನು ಮೂರು ವರ್ಷ ತುಂಬುವವರೆಗೆ ಹಿಂಬಾಲಿಸಿದರು. ವಾರಕ್ಕೆ ಎರಡು ಸಲ ಮನೆ ಭೇಟಿ. ಲೆಕ್ಕ ಹಾಕಿ, ಒಂದು ಮಗುವಿಗೆ ಮುನ್ನೂರರ ಮೇಲೆ ಭೇಟಿ, ಒಟ್ಟು ಲಕ್ಷ ದಾಟುತ್ತದೆ. ಮಕ್ಕಳಿಗೆ ವಾಂತಿಭೇದಿ ತರುವ ರೋಟಾವೈರಸ್ ಒಂದು ಸಲ ಬಂದು ಹೋದರೆ ಮುಂದಿನ ಸಲ ಮಗುವಿಗೆ ರಕ್ಷಣೆ ಸಿಗುತ್ತದೆಯೇ ಅನ್ನೋದು ಪ್ರಶ್ನೆ. ಮೆಕ್ಸಿಕೋದಲ್ಲಿ ಮೊದಲು ನಡೆದ ಅಧ್ಯಯನದಲ್ಲಿ ಎರಡು ಸೋಂಕು ಆದ ಮಕ್ಕಳಿಗೆ ಜೋರಾದ ಭೇದಿ ಬರಲೇ ಇಲ್ಲ. ವೆಲ್ಲೂರಿನಲ್ಲಿ ಮೂರು ಸೋಂಕು ಆದ ಮೇಲೂ ರಕ್ಷಣೆ ಶೇ. 79 ಮಾತ್ರ. 2011ರಲ್ಲಿ ಇದು ಪ್ರಕಟವಾಯಿತು. ರೋಟಾ ಲಸಿಕೆ ಶ್ರೀಮಂತ ದೇಶಗಳಲ್ಲಿ ಕೆಲಸ ಮಾಡಿದಷ್ಟು ನಮ್ಮಲ್ಲಿ ಯಾಕೆ ಮಾಡೋದಿಲ್ಲ ಅನ್ನುವ ಒಗಟಿಗೆ ಇದು ದೊಡ್ಡ ಸುಳಿವು. ಸುಳಿವು ಸಿಕ್ಕಿದ್ದು ಓಣಿಯಲ್ಲಿ ನಡೆದ ಕಾಲುಗಳಿಂದ.

ಇನ್ನು ಲ್ಯಾಬ್ ಒಳಗೆ ಬನ್ನಿ. ಬಾಗಿಲ ಹತ್ತಿರವೇ ಸ್ಯಾಂಪಲ್ ತೆಗೆದುಕೊಳ್ಳುವ ಟೇಬಲ್ ಇರುತ್ತದೆ. ನಿಮ್ಮ ಮಗಳು ಮೊದಲ ಮೂರ್ನಾಲ್ಕು ತಿಂಗಳು ಇಲ್ಲೇ ಇರುತ್ತಾಳೆ ಅಂತ ಇಟ್ಟುಕೊಳ್ಳಿ. ಡಬ್ಬಿ ಬಂದ ತಕ್ಷಣ ಸಮಯ ಬರೆಯಬೇಕು. ತಣ್ಣಗಿದೆಯಾ ನೋಡಬೇಕು. ಒಂದು ಡಬ್ಬಿಯ ಮಾಲನ್ನು ನಾಲ್ಕೈದು ಪುಟ್ಟ ಟ್ಯೂಬ್‌ಗಳಿಗೆ ಹಂಚಬೇಕು. ಒಂದು ಬ್ಯಾಕ್ಟೀರಿಯಾ ಬೆಳೆಸೋಕೆ, ಒಂದು ಮೈಕ್ರೋಸ್ಕೋಪಿಗೆ, ಉಳಿದವು ಮೈನಸ್ 80 ಡಿಗ್ರಿಯ ಫ್ರೀಜರಿಗೆ. ಪ್ರತಿ ಟ್ಯೂಬಿಗೂ ಲೇಬಲ್. ಅದರ ಮೇಲೆ ಮಗುವಿನ ಹೆಸರಿರೋದಿಲ್ಲ, ನಂಬರ್ ಮಾತ್ರ. ಸ್ಟೇಷನರಿ ಅಂಗಡಿಯ ಸ್ಟಿಕ್ಕರ್ ಅಂಟಿಸಿದರೆ ಆ ಚಳಿಗೆ ಒಣಗಿದ ಎಲೆ ಹಾಗೆ ಉದುರಿ ಬೀಳುತ್ತದೆ. ಅದಕ್ಕೇ ಅಂತ ಬೇರೆ ಲೇಬಲ್ ಬರುತ್ತದೆ. ಲೇಬಲ್ ಇಲ್ಲದ ಟ್ಯೂಬು ಯಾವ ಮಗುವಿನದೂ ಅಲ್ಲ. ಅದನ್ನು ಎಸೆಯುವಾಗ ಹೊಟ್ಟೆ ಉರಿಯುತ್ತದೆ.

ನೀರಸ ಕೆಲಸವೇ? ಹೌದು. ನಾನೂ ಮೊದಲ ತಿಂಗಳು ರಾತ್ರಿ ಹಾಸ್ಟೆಲಿನಲ್ಲಿ ಅತ್ತಿದ್ದೇನೆ. ನಿಮ್ಮ ಮಗಳೂ ಫೋನಿನಲ್ಲಿ "ಅಮ್ಮಾ, ಬರೀ ಲೇಬಲ್ ಅಂಟಿಸೋದೇ ಆಯ್ತು" ಅಂತ ಹೇಳಬಹುದು. ಆಗ ವಾಪಸ್ ಬಾ ಅನ್ನಬೇಡಿ.

ಆ ಫ್ರೀಜರುಗಳಿಗೂ ಒಬ್ಬ ಯಜಮಾನ ಇರುತ್ತಾನೆ. ಯಾವ ರ‍್ಯಾಕಿನ ಯಾವ ಪೆಟ್ಟಿಗೆಯ ಯಾವ ಗುಳಿಯಲ್ಲಿ ಯಾವ ಟ್ಯೂಬಿದೆ ಅನ್ನೋದು ಅವನಿಗೆ ಬಾಯಿಪಾಠ. ನಾನು ಮೊದಲು ಕೆಲಸ ಮಾಡಿದ ಒಂದು ಲ್ಯಾಬ್‌ನಲ್ಲಿ ಶನಿವಾರ ಸಂಜೆ ಯಾರೋ ಅವಸರದಲ್ಲಿ ಫ್ರೀಜರ್ ಬಾಗಿಲು ಸರಿಯಾಗಿ ಹಾಕದೆ ಹೋದರು. ರಾತ್ರಿಯೆಲ್ಲ ಅಲಾರಂ ಕೂಗಿದೆ. ಕೇಳಿಸಿಕೊಂಡದ್ದು ಹೊಸದಾಗಿ ಸೇರಿದ್ದ ವಾಚ್‌ಮನ್. ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲ ಮೇಲೆ ನಂಬರೂ ಇರಲಿಲ್ಲ. ಸೋಮವಾರ ಬಂದು ನೋಡಿದರೆ ಎರಡು ವರ್ಷದ ಸ್ಯಾಂಪಲ್ ಕರಗಿ ನೀರಾಗಿತ್ತು. ಬಾಗಿಲು ಹಾಕದೆ ಹೋದವರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ನಾನೇ ಇರಬಹುದು ಅನ್ನುವ ಅನುಮಾನ ನನಗೆ ಇವತ್ತಿಗೂ ಇದೆ. ಮುಂದೆ ನನ್ನದೇ ಲ್ಯಾಬ್ ಆದಾಗ ಮೊದಲ ದಿನವೇ ಪ್ರತಿ ಫ್ರೀಜರಿನ ಮೇಲೂ ನನ್ನ ಮನೆ ನಂಬರ್ ದಪ್ಪ ಅಕ್ಷರದಲ್ಲಿ ಬರೆಸಿದೆ.

ಈಗ ಪರೀಕ್ಷೆಗಳು ನಡೆಯುವ ಬೆಂಚಿಗೆ ಬರೋಣ. ಇಲ್ಲಿ ನಿಮಗೊಬ್ಬರನ್ನು ಪರಿಚಯಿಸಬೇಕು. ಹೆಸರು ರೂತ್ ಬಿಷಪ್. ಊರು ಆಸ್ಟ್ರೇಲಿಯಾದ ಮೆಲ್ಬರ್ನ್. ಡಾಕ್ಟರಿಕೆ ಓದಿದವರಲ್ಲ, ನಿಮ್ಮ ಮಗಳ ಹಾಗೆ ಮೈಕ್ರೋಬಯಾಲಜಿ ಓದಿದವರು. ಅಲ್ಲಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಗೆ ವಾಂತಿಭೇದಿಯ ಮಕ್ಕಳು ಬರುತ್ತಲೇ ಇದ್ದರು. ಮಲದಲ್ಲಿ ಬ್ಯಾಕ್ಟೀರಿಯಾ ಹುಡುಕಿದರೆ ಹೆಚ್ಚಿನ ಮಕ್ಕಳಲ್ಲಿ ಏನೂ ಸಿಗುತ್ತಿರಲಿಲ್ಲ. 1973ರಲ್ಲಿ ಜೆಫ್ರಿ ಡೇವಿಡ್ಸನ್ ಅನ್ನುವ ಮಕ್ಕಳ ಡಾಕ್ಟರು ಒಂಬತ್ತು ಮಕ್ಕಳ ಸಣ್ಣ ಕರುಳಿನ ಶುರುವಿನ ಭಾಗದಿಂದ ಚೂರು ತೆಗೆದು ಕೊಟ್ಟರು. ಅದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ನೋಡೋಕೆ ವಿಶ್ವವಿದ್ಯಾಲಯದ ಇಯಾನ್ ಹೋಮ್ಸ್ ಮತ್ತು ಬ್ರಯಾನ್ ರಕ್ ಕೈಜೋಡಿಸಿದರು. ಆರು ಮಕ್ಕಳ ಕರುಳಿನ ಜೀವಕೋಶಗಳಲ್ಲಿ ವೈರಸ್ ತುಂಬಿ ತುಳುಕುತ್ತಿತ್ತು! ನೋಡೋಕೆ ಗಾಡಿಯ ಚಕ್ರದ ಹಾಗಿದೆ ಅಂತ ಆಮೇಲೆ ಅದಕ್ಕೆ ರೋಟಾವೈರಸ್ ಅಂತ ಹೆಸರು ಬಂತು. ಲ್ಯಾಟಿನ್ನಿನಲ್ಲಿ ರೋಟಾ ಅಂದರೆ ಚಕ್ರ.

ನಾದಿನಿಗೆ ಹೇಳಬೇಕಾದ ಭಾಗ ಇದರ ಮುಂದೆ ಇದೆ. ಕರುಳಿನ ಚೂರು ತೆಗೆಯೋದು ಮಗುವಿಗೆ ಹಿಂಸೆ. ಅದರ ಬದಲು ಮಲದಲ್ಲೇ ನೋಡಿದರೆ? ನೋಡಿದರು. ಅದರಲ್ಲೂ ಕೋಟಿಗಟ್ಟಲೆ ವೈರಸ್ ಇತ್ತು. ಅವತ್ತಿನಿಂದ ಈ ಕಾಯಿಲೆ ಪತ್ತೆ ಮಾಡೋಕೆ ಯಾವ ಮಗುವಿನ ಹೊಟ್ಟೆಗೂ ಕೊಳವೆ ಇಳಿಸಬೇಕಾಗಿಲ್ಲ, ಒಂದು ಚಮಚ ಕಕ್ಕ ಸಾಕು.

ಈ ಕತೆಗೆ ಬೆಂಗಳೂರಿನ ನಂಟೂ ಇದೆ. ಹೆರಿಗೆ ವಾರ್ಡಿನ ಕೂಸುಗಳಿಗೆ ರೋಟಾವೈರಸ್ ಅಂಟಿದರೂ ಎಷ್ಟೋ ಸಲ ಭೇದಿಯೇ ಆಗೋದಿಲ್ಲ. ಹಾಗೆ ಅಂಟಿಸಿಕೊಂಡ ಮಕ್ಕಳಿಗೆ ಮುಂದೆ ಜೋರಾದ ಕಾಯಿಲೆ ಬರೋದು ಕಡಿಮೆ ಅಂತ ರೂತ್ ಬಿಷಪ್ ತಂಡ 1983ರಲ್ಲಿ ತೋರಿಸಿತು. ಅಂದರೆ ಪ್ರಕೃತಿಯೇ ಲಸಿಕೆ ಹಾಕಿದಂತೆ, ಅಲ್ವಾ? ಅಂಥ ಸಾಧು ವೈರಸ್ ಒಂದು ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೆ ಸಿಕ್ಕಿತು. ಅದಕ್ಕೆ 116ಇ ಅಂತ ಹೆಸರು. ಇನ್ನೊಂದು ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೂಸುಗಳ ಮಲದಲ್ಲಿ. ಅದರ ಹೆಸರು ಐ321. ಅದನ್ನು ಬಿಡಿಸಿ ನೋಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಮತ್ತು ಅವರ ವಿದ್ಯಾರ್ಥಿಗಳು. ಎರಡರಲ್ಲೂ ದನದ ರೋಟಾವೈರಸ್ಸಿನ ಅಂಶ ಬೆರೆತಿತ್ತು. ಎರಡನ್ನೂ ಲಸಿಕೆಯಾಗಿ ಮಕ್ಕಳಲ್ಲಿ ಪರೀಕ್ಷೆ ಮಾಡಿದರು. ಬೆಂಗಳೂರಿನದು ಹಿಂದೆ ಬಿತ್ತು, ದೆಹಲಿಯದು ಮುಂದೆ ಹೋಯಿತು. ನಮಗೆ ಸ್ವಲ್ಪ ಬೇಜಾರೇ! 116ಇ ಮುಂದೆ ಭಾರತ್ ಬಯೋಟೆಕ್ಕಿನ ರೋಟಾವ್ಯಾಕ್ ಲಸಿಕೆ ಆಯಿತು. ದೆಹಲಿ, ಪುಣೆ, ವೆಲ್ಲೂರು ಮೂರೂ ಕಡೆ ಸೇರಿ 6,799 ಮಕ್ಕಳಲ್ಲಿ ಪರೀಕ್ಷೆ ನಡೆಯಿತು. ಜೋರಾದ ರೋಟಾ ಭೇದಿಯನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲು ತಡೆಯಿತು. 2016ರಲ್ಲಿ ಸರ್ಕಾರದ ಲಸಿಕೆ ಪಟ್ಟಿಗೆ ರೋಟಾ ಲಸಿಕೆ ಸೇರಿತು. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ 6, 10, 14ನೇ ವಾರಕ್ಕೆ ಮಗುವಿನ ಬಾಯಿಗೆ ಹಾಕೋದು ಇದೇ ಕಾಯಿಲೆಯ ಲಸಿಕೆ. ನಾದಿನಿಯ ಮನೆಯಲ್ಲಿ ಮೊಮ್ಮಕ್ಕಳಿದ್ದರೆ ತಾಯಿ ಕಾರ್ಡ್ ತೆಗೆದು ತೋರಿಸಿ.

ಎಲ್ಲ ಕರುಳಿನ ಕಾಯಿಲೆಯೂ ಸೋಂಕಲ್ಲ. ನಿಮ್ಮ ಮಗಳ ಲ್ಯಾಬ್‌ನಲ್ಲಿ ಇನ್ನೊಂದು ಗುಂಪು ಇದ್ದೇ ಇರುತ್ತದೆ. ಗೋಧಿ ಒಗ್ಗದೆ ಬರುವ ಸೀಲಿಯಾಕ್ ಕಾಯಿಲೆ, ಕ್ರೋನ್ಸ್‌ನಂಥ ಕರುಳಿಗೆ ಸದಾ ಹುಣ್ಣಾಗಿ ಊದಿಕೊಳ್ಳುವ ಕಾಯಿಲೆಗಳು, ಇವನ್ನು ನೋಡುವವರು. ಇಲ್ಲಿ ಮಕ್ಕಳ ಹೊಟ್ಟೆಯ ಸ್ಪೆಷಲಿಸ್ಟ್ ಡಾಕ್ಟರು ಎಂಡೋಸ್ಕೋಪಿ ಮಾಡಿ ಚೂರು ತೆಗೆಯುತ್ತಾರೆ. ಚೂರು ಅಂದರೆ ಸಾಸಿವೆ ಕಾಳಿನಷ್ಟು. ಅಲ್ಲಿಂದ ಮುಂದೆ ಅದು ಹಿಸ್ಟೋಪೆಥಾಲಜಿ ಟೆಕ್ನಿಷಿಯನ್, ಅಂದರೆ ಚೂರನ್ನು ಸೀಳಿ ಮೈಕ್ರೋಸ್ಕೋಪಿಗೆ ಸಿದ್ಧ ಮಾಡುವವರ ಕೈಯಲ್ಲಿ.

ಆ ಕೈಯನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ನಮ್ಮ ಸಣ್ಣ ಕರುಳಿನ ಒಳಗೋಡೆ ಟವೆಲ್ ಬಟ್ಟೆಯ ಹಾಗೆ, ಮೈತುಂಬ ಸಣ್ಣ ಸಣ್ಣ ಎಳೆಗಳು ನಿಂತಿರುತ್ತವೆ. ಊಟದ ಸತ್ವ ಹೀರೋದು ಅವೇ. ಸೀಲಿಯಾಕ್ ಇದ್ದರೆ ಆ ಎಳೆಗಳು ಸವೆದು ಗೋಡೆ ಬೋಳಾಗುತ್ತದೆ. ಚೂರನ್ನು ಮೇಣದಲ್ಲಿ ಕೂರಿಸುವಾಗ ಎಳೆಗಳು ನೆಟ್ಟಗೆ ನಿಲ್ಲುವ ಹಾಗೆ ಕೂರಿಸಬೇಕು. ಒಂದಿಷ್ಟು ವಾರೆಯಾದರೆ ಕತ್ತರಿಸಿದಾಗ ಎಳೆ ಮೊಂಡಾಗಿ ಕಾಣುತ್ತದೆ. ಆಗ ಚೆನ್ನಾಗಿರುವ ಕರುಳಿಗೂ ಕಾಯಿಲೆಯ ಹಣೆಪಟ್ಟಿ ಬೀಳಬಹುದು. ನಮ್ಮಲ್ಲಿದ್ದ ಟೆಕ್ನಿಷಿಯನ್ ಅಣ್ಣ ಕೂದಲಿಗಿಂತ ಎಷ್ಟೋ ತೆಳ್ಳಗೆ ಮೇಣ ಸೀಳುತ್ತಿದ್ದರು. ಪಟ್ಟಿ ಪಟ್ಟಿಯಾಗಿ ಬರುವ ಮೇಣವನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಕೆಳಗಿನಿಂದ ಗಾಜಿನ ಸ್ಲೈಡ್ ತೂರಿಸಿ ಎತ್ತುತ್ತಿದ್ದರು. ಆ ಹೊತ್ತಿಗೆ ಫ್ಯಾನ್ ಆಫ್. ಯಾರೂ ಸೀನುವ ಹಾಗಿಲ್ಲ. ಜೋರಾಗಿ ಬಾಗಿಲು ತೆಗೆದರೆ ಪ್ರೊಫೆಸರಿಗೂ ಬೈಗುಳ.

ಸೀಲಿಯಾಕ್ ಅಂದರೆ ಗೋಧಿಯಲ್ಲಿರುವ ಗ್ಲೂಟನ್ ಅನ್ನುವ ಪ್ರೋಟೀನಿಗೆ ಕರುಳು ತಿರುಗಿ ಬೀಳೋದು. ಇದನ್ನು ಕಂಡುಹಿಡಿದ ಕತೆಯಲ್ಲೂ ಮಲವೇ ಸಾಕ್ಷಿ ಹೇಳಿತು. ಹಾಲೆಂಡಿನ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆ ಅವರಿಗೆ ಎರಡನೇ ಮಹಾಯುದ್ಧಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನ ಇತ್ತು. 1944–45ರ ಚಳಿಗಾಲದಲ್ಲಿ ಅಲ್ಲಿ ಯುದ್ಧದ ಕ್ಷಾಮ ಬಂದು ಬ್ರೆಡ್ಡೇ ಸಿಗಲಿಲ್ಲ. ಅವರ ಅನುಮಾನಕ್ಕೆ ಅದು ಇನ್ನಷ್ಟು ಬಲ ಕೊಟ್ಟಿತು. ಆದರೆ ಅನುಮಾನ ಅಂದರೆ ಪುರಾವೆ ಅಲ್ಲ. ಯುದ್ಧ ಮುಗಿದ ಮೇಲೆ ವಾನ್ ಡೆ ಕಾಮರ್ ಅನ್ನುವ ರಸಾಯನ ವಿಜ್ಞಾನಿ ಮಲದಲ್ಲಿ ಎಷ್ಟು ಕೊಬ್ಬು ಹೀರದೆ ಉಳಿದಿದೆ ಅಂತ ಅಳೆಯುವ ಸುಲಭ ವಿಧಾನ ಮಾಡಿಕೊಟ್ಟರು. ವೇಯರ್ಸ್ ಅನ್ನುವ ಇನ್ನೊಬ್ಬ ಡಾಕ್ಟರೂ ಜೊತೆಗೂಡಿದರು. ಗೋಧಿ ಕೊಟ್ಟರೆ ಕೊಬ್ಬು ಏರುತ್ತದೆ, ಬಿಡಿಸಿದರೆ ಇಳಿಯುತ್ತದೆ. ಲೆಕ್ಕ ಕಣ್ಣೆದುರಿಗೇ ಸಿಕ್ಕಿತು. ಆ ಲೆಕ್ಕ ಸರಿ ಬರಬೇಕಾದರೆ ಮಗುವಿನ ದಿನಗಟ್ಟಲೆ ಮಲವನ್ನು ಒಂದು ಚೂರೂ ಬಿಡದೆ ಕೂಡಿಡಬೇಕು. ವಾರ್ಡಿನಲ್ಲಿ ಅದನ್ನು ಕೂಡಿಟ್ಟವರ ಹೆಸರು ಯಾರ ಬಾಯಲ್ಲೂ ಇಲ್ಲ.

ಈ ಗುಂಪಿನಲ್ಲಿ ಡಯಟಿಷಿಯನ್ ಕೂಡ ಇರುತ್ತಾರೆ. ಅವರನ್ನು ಯಾರೂ ವಿಜ್ಞಾನಿ ಅನ್ನೋದಿಲ್ಲ, ಆದರೆ ಪತ್ತೇದಾರರು ಅವರೇ. ಒಬ್ಬ ಹುಡುಗನಿಗೆ ಗೋಧಿ ಪೂರ್ತಿ ನಿಲ್ಲಿಸಿದ್ದರೂ ರಕ್ತದ ರಿಪೋರ್ಟ್ ಸರಿಯಾಗುತ್ತಿರಲಿಲ್ಲ. ಚಪಾತಿ ಇಲ್ಲ, ಬ್ರೆಡ್ ಇಲ್ಲ, ಬಿಸ್ಕತ್ ಇಲ್ಲ, ರವೆ ಇಡ್ಲಿಯೂ ಇಲ್ಲ. ತಿನ್ನೋದೆಲ್ಲ ಅನ್ನ ಸಾರು, ರಾಗಿ ಮುದ್ದೆ. ನಮ್ಮ ಡಯಟಿಷಿಯನ್ ಆ ಮನೆಗೇ ಹೋಗಿ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆಗೆಸಿ ಕೂತರು. ಸಿಕ್ಕಿಬಿದ್ದದ್ದು ಇಂಗಿನ ಡಬ್ಬಿ. ಅಂಗಡಿಯ ಇಂಗಿಗೆ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ದಿನಾ ಸಾರಿನ ಒಗ್ಗರಣೆಯಲ್ಲಿ ಚಿಟಿಕೆ ಚಿಟಿಕೆ ಗೋಧಿ ಹೋಗುತ್ತಿತ್ತು. ಯಾವ ಮೆಷೀನೂ ಇದನ್ನು ಹೇಳುತ್ತಿರಲಿಲ್ಲ.

ಕಂಪ್ಯೂಟರ್ ಮುಂದೆ ಕೂರುವವರೂ ಇದ್ದಾರೆ. ನನ್ನ ಕಾಲದಲ್ಲಿ ಒಬ್ಬ ಸ್ಟಾಟಿಸ್ಟಿಷಿಯನ್ ಇದ್ದರೆ ಅದೇ ಹೆಚ್ಚು, ಈಗ ಅರ್ಧ ಲ್ಯಾಬ್ ಅವರದೇ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಒಬ್ಬ ಪುಟ್ಟ ಹುಡುಗನ ಕರುಳಿನಲ್ಲಿ ತೂತು ಬೀಳುತ್ತಿತ್ತು. ನೂರಕ್ಕೂ ಹೆಚ್ಚು ಸಲ ಆಪರೇಷನ್ ಥಿಯೇಟರಿಗೆ ಹೋಗಿ ಬಂದಿದ್ದ. ಕಾರಣ ಯಾರಿಗೂ ಗೊತ್ತಿಲ್ಲ. 2009ರಲ್ಲಿ ಅಲ್ಲಿನ ಮೆಡಿಕಲ್ ಕಾಲೇಜಿನವರು ಅವನ ಜೀನ್‌ಗಳನ್ನು ಓದಿಸಿದರು. ಸಾವಿರಾರು ವ್ಯತ್ಯಾಸಗಳು ಬಂದವು. ಅದರಲ್ಲಿ ಕಾಯಿಲೆಗೆ ಕಾರಣವಾದದ್ದು ಒಂದೇ ಒಂದು. ಒಂದೊಂದನ್ನೇ ಜರಡಿ ಹಿಡಿದು ಎಕ್ಸ್‌ಐಎಪಿ ಅನ್ನುವ ಜೀನಿನಲ್ಲಿ ತಪ್ಪಿದೆ ಅಂತ ಹಿಡಿದರು. ಆಮೇಲೆ ಹೊಕ್ಕುಳಬಳ್ಳಿಯ ರಕ್ತದ ಕಸಿ ಮಾಡಿದರು, ಹುಡುಗ ಊಟ ಮಾಡುವಂತಾದ. ನಿಮ್ಮ ಮಗಳಿಗೆ ಬಿಡುವು ಸಿಕ್ಕಾಗ ಸ್ವಲ್ಪ ಕೋಡಿಂಗ್ ಕಲಿಯೋಕೆ ಹೇಳಿ. ಇವತ್ತು ಪೈಪೆಟ್ಟೂ ಕೀಬೋರ್ಡೂ ಎರಡೂ ಬಲ್ಲವರಿಗೆ ಬೇಡಿಕೆ ಜಾಸ್ತಿ.

ಇನ್ನು ಪುಟಾಣಿ ಕರುಳು ಬೆಳೆಸುವವರು. ನೆದರ್ಲೆಂಡ್ಸಿನ ಹನ್ಸ್ ಕ್ಲೇವರ್ಸ್ ಲ್ಯಾಬ್‌ನಲ್ಲಿ ತೋಷಿರೋ ಸಾತೋ 2009ರಲ್ಲಿ ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶದಿಂದ (ಸ್ಟೆಮ್ ಸೆಲ್) ತಟ್ಟೆಯಲ್ಲಿ ಪುಟ್ಟ ಕರುಳು ಬೆಳೆಸಿ ತೋರಿಸಿದರು. ಈಗ ಮಕ್ಕಳ ಬಯಾಪ್ಸಿ ಚೂರಿನಿಂದಲೂ ಬೆಳೆಸುತ್ತಾರೆ. ಇವಕ್ಕೆ ಎರಡು ಮೂರು ದಿನಕ್ಕೊಮ್ಮೆ ಊಟ ಬದಲಿಸಬೇಕು. ಹಬ್ಬ, ಭಾನುವಾರ ಅಂತಿಲ್ಲ. ಸಾಕಿದ ಹಸು ಇದ್ದ ಮನೆಯವರು ಊರಿಗೆ ಹೋಗೋಕೆ ಪಡುವ ಪಾಡೇ ಇವರದೂ. ಯುಗಾದಿಗೆ ಬರೋದಿಲ್ಲ ಅಂತ ಮಗಳು ಹೇಳಿದರೆ ಕಾರಣ ಇದೇ ಇರಬಹುದು.

ರೋಗ ಅಂಟುವ ಭಯದ ಬಗ್ಗೆ. ಇಲ್ಲ ಅಂತ ಹೇಳೋದಿಲ್ಲ. ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನೂರರಷ್ಟು ಹೊಟ್ಟೆಗೆ ಹೋದರೂ ರಕ್ತಭೇದಿ ಮಾಡಿಸಬಲ್ಲದು. ಟೈಫಾಯಿಡ್ ಕೂಡ ಲ್ಯಾಬ್‌ನಲ್ಲಿ ಅಂಟಿದ ಉದಾಹರಣೆಗಳಿವೆ. ಆದರೆ ಇವು ಹೋಗೋದು ಬಾಯಿಯ ಮೂಲಕ. ಬಾಯಿ ಕಾಯ್ದುಕೊಂಡರೆ ಮುಕ್ಕಾಲು ಕೆಲಸ ಮುಗೀತು. ಗ್ಲೌಸ್ ಹಾಕಬೇಕು, ಸ್ಯಾಂಪಲ್ ತೆರೆಯೋದು ಸೇಫ್ಟಿ ಕ್ಯಾಬಿನೆಟ್ ಒಳಗೇ ಆಗಬೇಕು, ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಬಾರದು. ಹೊಸಬರು ಎಡವೋದು ಈ ಮೊಬೈಲಿನಲ್ಲೇ. ಕೈ ತೊಳೆಯೋದು ಸೋಪು ನೀರಿನಲ್ಲಿ. ಬರೀ ಸ್ಯಾನಿಟೈಸರ್ ನಂಬಬಾರದು, ವಾಂತಿಭೇದಿ ತರುವ ನೊರೋವೈರಸ್ಸಿನಂಥವು ಅದಕ್ಕೆ ಸುಲಭವಾಗಿ ಬಗ್ಗೋದಿಲ್ಲ. ಸೇರುವ ಮುಂಚೆ ಹೆಪಟೈಟಿಸ್ ಬಿ ಮತ್ತು ಟೈಫಾಯಿಡ್ ಲಸಿಕೆ ಹಾಕಿಸಿ. ನನಗೆ ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಸಲ ಭೇದಿ ಹತ್ತಿದ್ದು. ಅದೂ ಒಂದು ಮದುವೆ ಊಟದಿಂದ.

ಇಲ್ಲಿ ಇನ್ನೊಬ್ಬರನ್ನು ಹೇಳದೆ ಇರಲಾಗದು. ಆಟೋಕ್ಲೇವ್ ನೋಡಿಕೊಳ್ಳುವವರು. ಆ ದಿನದ ಕಸವನ್ನೆಲ್ಲ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ 121 ಡಿಗ್ರಿ ಉಗಿಯಲ್ಲಿ ಬೇಯಿಸಿ, ಕ್ರಿಮಿ ಸತ್ತ ಮೇಲೆಯೇ ಹೊರಗೆ ಬಿಡುವವರು. ಚೀಲದ ಮೇಲೆ ಅಂಟಿಸಿದ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಕಾವು ತಾಗಿದೆ ಅಂತ ಅರ್ಥ. ನಮ್ಮಲ್ಲಿದ್ದವರು ಗೆರೆ ಮಸುಕಾಗಿದೆ ಅನ್ನಿಸಿದರೆ ಎರಡನೇ ಸಲ ಹಾಕುತ್ತಿದ್ದರು, ಎಷ್ಟೇ ಹೊತ್ತಾಗಲಿ. ನಿಮ್ಮ ಮಗಳು ಮೊದಲ ದಿನ ಸ್ನೇಹ ಮಾಡಿಕೊಳ್ಳಬೇಕಾದದ್ದು ಇಂಥವರನ್ನು.

ದುಡ್ಡು, ಮುಂದಿನ ದಾರಿ. ನೆಟ್ ಅಥವಾ ಗೇಟ್‌ನಂಥ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಆದವರಿಗೆ 2023ರ ಜನವರಿಯಿಂದ ಕೇಂದ್ರ ಸರ್ಕಾರದ ದರ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದ ಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದರೆ 42,000. ಮೇಲೆ ಮನೆ ಬಾಡಿಗೆ ಭತ್ಯೆ. ಆದರೆ ಇದು ಪರ್ಮನೆಂಟ್ ನೌಕರಿ ಅಲ್ಲ, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಹಣ ಪ್ರತಿ ತಿಂಗಳು ಒಂದನೇ ತಾರೀಖೇ ಬರುತ್ತದೆ ಅಂತ ನಂಬಿ ಸಾಲದ ಕಂತು ಮಾತ್ರ ಕಟ್ಟಿಕೊಳ್ಳಬೇಡಿ. ಸೇರುವಾಗ ಎರಡು ಪ್ರಶ್ನೆ ಕೇಳೋಕೆ ಹೇಳಿ. ಪಿಎಚ್‌ಡಿಗೆ ರಿಜಿಸ್ಟರ್ ಆಗೋಕೆ ಅವಕಾಶ ಇದೆಯಾ? ಪ್ರಾಜೆಕ್ಟಿಗೆ ಇನ್ನು ಎಷ್ಟು ವರ್ಷ ಉಳಿದಿದೆ? ಕೇಳೋಕೆ ಸಂಕೋಚ ಬೇಡ. ಮುಂದೆ ಪಿಎಚ್‌ಡಿ ಒಂದೇ ದಾರಿ ಅಂತಲೂ ಇಲ್ಲ. ಲಸಿಕೆ ಕಂಪನಿ, ಡಯಾಗ್ನೋಸ್ಟಿಕ್ ಲ್ಯಾಬ್, ಔಷಧಿ ಪರೀಕ್ಷೆ ನಡೆಸುವ ಕಂಪನಿ, ಎಲ್ಲ ಕಡೆಯೂ ಸ್ಯಾಂಪಲ್ ಶಿಸ್ತು ಕಲಿತವರು ಬೇಕು.

ನನಗೆ ಈಗಲೂ ಸಿಟ್ಟು ಬರುವ ವಿಷಯ ಒಂದಿದೆ. ಸಂಶೋಧನಾ ಲೇಖನದ ಮೇಲೆ ಮೊದಲ ಹೆಸರು, ಕೊನೆಯ ಹೆಸರು ಅಂತ ಲ್ಯಾಬ್‌ನಲ್ಲಿ ದೊಡ್ಡ ಜಗಳಗಳೇ ಆಗುತ್ತವೆ. ಸೊಪ್ಪಿನ ಚೂರು ಕಂಡುಹಿಡಿದವರ ಹೆಸರು ಎಲ್ಲೂ ಬರೋದಿಲ್ಲ. ಹೆಚ್ಚೆಂದರೆ ಕೊನೆಯ ಪುಟದಲ್ಲಿ "ಫೀಲ್ಡ್ ಸಿಬ್ಬಂದಿಗೆ ಧನ್ಯವಾದ" ಅಂತ ಒಂದು ಸಾಲು. ಸಂಬಳವೂ ಅವರದೇ ಎಲ್ಲರಿಗಿಂತ ಕಡಿಮೆ. ನಾನು ನಿವೃತ್ತಿ ಆಗುವ ಮುಂಚೆ ಬರೆದ ಕೊನೆಯ ಮೂರು ಲೇಖನಗಳಲ್ಲಿ ಅವರ ಹೆಸರುಗಳನ್ನು ಒಂದೊಂದಾಗಿ ಬರೆಸಿದೆ. ಒಂದರಲ್ಲಿ ಜಾಗ ಸಾಲದು ಅಂತ ಸಂಪಾದಕರು ತೆಗೆದುಹಾಕಿದರು.

ಕೊನೆಗೆ ಒಂದು ಮನೆಮಾತು. ಈ ಲ್ಯಾಬ್‌ನವರಿಗೆಲ್ಲ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಊಟದ ಡಬ್ಬಿ ಬಿಚ್ಚಿಕೊಂಡು ಕೂತು, ಇವತ್ತು ಬಂದ ಸ್ಯಾಂಪಲ್ಲಿನ ಬಣ್ಣ, ಗಟ್ಟಿ, ತೆಳುವು ಎಲ್ಲವನ್ನೂ ಆರಾಮಾಗಿ ಚರ್ಚೆ ಮಾಡುತ್ತಾರೆ. ಆರು ತಿಂಗಳಲ್ಲಿ ನಿಮ್ಮ ಮಗಳಿಗೂ ಅದು ಬರುತ್ತದೆ. ಹಾಗಾಗಿ ರಾತ್ರಿ ಅವಳಿಗೆ ಫೋನ್ ಮಾಡೋದಾದರೆ ನಿಮ್ಮ ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಮಾಡಿ. ನಾದಿನಿ ಬಂದಿರುವ ದಿನ ಮಾತ್ರ, ಎಲೆ ಹಾಕಿದ ಹೊತ್ತಿಗೇ ಸ್ಪೀಕರಿನಲ್ಲಿಡಿ.